ದೈತ್ಯನ ಕೈಗೆ ನೂಲು

ದೀಪಾವಳಿಗೆ ವಾರವಿದೆ ಎನ್ನುವಾಗ ಸುನಂದಳ ದೈತ್ಯ ಎಪ್ಪತ್ತೊಂದಕ್ಕೆ ಬಂದು ನಿಂತುಬಿಟ್ಟ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅವನ ಕೈಲಿ ಐದು ಸಾವಿರ ತುಂಡು ಬಟ್ಟೆ ನೇಯಿಸಿದರೂ ಅಂಕಿ ಒಂದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಏರುತ್ತಿರಲಿಲ್ಲ.

ದೈತ್ಯ ಎಂದರೆ ಕಂಪ್ಯೂಟರ್ ಆಟದೊಳಗಿನ ಆಳು. ಅದು ಎರಡು ಸಾವಿರದ ಆರನೇ ಇಸವಿ. ಕೋಲಾರದ ಬಸ್ ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಕದಿರೇಶ ಎಂಬುವನು ಎಂಟು ಕಂಪ್ಯೂಟರ್ ಇಟ್ಟು ಹೊಸ ಬಗೆಯ ಕಸುಬೊಂದನ್ನು ನಡೆಸುತ್ತಿದ್ದ. ದೇಶದೇಶದ ಸಾವಿರಾರು ಜನ ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಆಡುವ ಆಟ ಅದು. ಒಬ್ಬೊಬ್ಬರಿಗೂ ಒಂದೊಂದು ಆಳು. ಆ ಆಳು ಯುದ್ಧ ಮಾಡಬಹುದು. ಇಲ್ಲವೇ ಕಮ್ಮಾರಿಕೆ, ನೇಯ್ಗೆ, ಔಷಧಿ ಕಾಯಿಸುವುದು, ಇಂಥದ್ದೊಂದು ವಿದ್ಯೆ ಕಲಿಯಬಹುದು. ಯುದ್ಧಕ್ಕೆ ಎಲ್ಲರೂ ಮುಂದು. ವಿದ್ಯೆ ಕಲಿಯುವುದಕ್ಕೆ ಮಾತ್ರ ಒಂದೇ ಕೆಲಸವನ್ನು ಲಕ್ಷ ಸಲ ಮಾಡಬೇಕು. ಯಾವುದೋ ಒಂದು ಸಲಕ್ಕೆ ಅಂಕಿ ಕೂದಲೆಳೆಯಷ್ಟು ಏರುತ್ತದೆ, ಅಂದರೆ ಒಂದರಲ್ಲಿ ನೂರನೇ ಪಾಲು. ಅಷ್ಟು ವ್ಯವಧಾನವಿಲ್ಲದ ಹೊರದೇಶದವರು ತಮ್ಮ ಆಳನ್ನು ಬೇರೆಯವರ ವಶಕ್ಕೆ ಕೊಟ್ಟು ಕಲಿಸಿಕೊಳ್ಳುತ್ತಿದ್ದರು. ಬೆಂಗಳೂರಿನ ಏಜೆಂಟನೊಬ್ಬನ ಮೂಲಕ ಆ ಕೆಲಸ ಕದಿರೇಶನವರೆಗೆ ಬರುತ್ತಿತ್ತು.

ಮೊದಮೊದಲು ಅವನು ಕಾಲೇಜು ಹುಡುಗರನ್ನು ಕೂರಿಸಿ ನೋಡಿದ. ಅವರು ಅರ್ಧ ಗಂಟೆ ನೇಯ್ದು, ಬೇಜಾರಾಗಿ, ದೈತ್ಯನನ್ನು ಯುದ್ಧಕ್ಕೆ ನುಗ್ಗಿಸಿಬಿಡುತ್ತಿದ್ದರು. ಆಗ ಅವನಿಗೆ ಸುನಂದಳ ನೆನಪಾಯಿತು. ಶ್ರೀನಿವಾಸಪುರದ ಆಚೆ ಅವನ ಊರಿನಲ್ಲೇ ಗಂಗುಲಪ್ಪನ ರೀಲಿಂಗ್ ಶೆಡ್ಡಿತ್ತು. ಬಿಸಿನೀರಿನ ತೊಟ್ಟಿಯಲ್ಲಿ ರೇಷ್ಮೆ ಗೂಡು ಹಾಕಿ ನೂಲು ಬಿಚ್ಚುವ ಇಪ್ಪತ್ತು ಹೆಂಗಸರಲ್ಲಿ ಸುನಂದಳ ರಾಟೆಯ ನೂಲು ಮಾತ್ರ ಕಡಿಯುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಹದಿನಾರು ವರ್ಷ ಆ ತೊಟ್ಟಿಯ ಮುಂದೆ ಕೂತವಳು. ಕೊನೆಗೆ ಆ ಆವಿಯೇ ಅವಳ ಎದೆಗೆ ಕೂತುಕೊಂಡಿತು. ಬೆಂದ ಹುಳುವಿನ ವಾಸನೆ ಮೂಗಿಗೆ ಬಡಿದರೆ ಸಾಕು, ಉಸಿರು ಒಳಗೂ ಹೋಗದೆ ಹೊರಗೂ ಬರದೆ ಗಂಟಲಲ್ಲೇ ನಿಲ್ಲುತ್ತಿತ್ತು. ಎರಡು ಸಲ ಆಸ್ಪತ್ರೆ ಸೇರಿದಳು. ಇನ್ನೊಮ್ಮೆ ಶೆಡ್ಡಿನೊಳಗೆ ಕಾಲಿಟ್ಟರೆ ನನ್ನ ಹತ್ತಿರ ಬರಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಅವಳು ಎದ್ದ ಜಾಗದಲ್ಲಿ ಅವಳ ತಾಯಿ ವೆಂಕಟರತ್ನಮ್ಮ ಹೋಗಿ ಕೂತಳು. ಅರವತ್ತೆರಡು ವರ್ಷ. ಎಡಗೈ ಬೆರಳುಗಳು ಆಗಲೇ ಸೊಟ್ಟಗಾಗಿದ್ದವು.

"ನೀನು ಖಾಯಂ ಆಗೋವರ್ಗೂ ಕಣೇ. ಆಮೇಲೆ ನನ್ನ ಕರೆದ್ರೂ ನಾನು ಹೋಗಲ್ಲ," ಎಂದಿದ್ದಳು.

ಆ ಖಾಯಂ ಎನ್ನುವುದು ದೈತ್ಯನ ಮೇಲೆ ನಿಂತಿತ್ತು. ಅರವತ್ತೆರಡರಲ್ಲಿ ಕೈಗೆ ಬಂದ ಅವನ ನೇಯ್ಗೆಯ ಅಂಕಿ ನವೆಂಬರ್ ಹತ್ತರೊಳಗೆ ನೂರು ಮುಟ್ಟಬೇಕಿತ್ತು.

"ಏನ್ ಸುನಂದಕ್ಕ, ನಾಲ್ಕು ದಿನದಿಂದ ಎಪ್ಪತ್ತೊಂದೇ ಕಾಣ್ತಿದೆ?" ಕದಿರೇಶ ಕುರ್ಚಿಯ ಹಿಂದೆ ಬಂದು ನಿಂತ.

"ನಾನು ಕೈ ನಿಲ್ಲಿಸಿಲ್ಲ ಸಾರ್. ಅವ್ನೇ ಕಲೀತಿಲ್ಲ."

"ಅವ್ನು ಕಲೀದಿದ್ರೆ ನಮ್ಮಿಬ್ರ ಕಥೆನೂ ಮುಗೀತು. ಮೊದಲನೇ ದೊಡ್ಡ ಗಿರಾಕಿ ಇವ್ನು. ನೂರು ಮಾಡಿಕೊಟ್ರೆ ನಿಮ್ಮನ್ನ ಖಾಯಂ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ನೇಯ್ಗೆ ಕೆಲ್ಸಾನೇ ನಿಲ್ಲಿಸ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಅವನು ಕೆಟ್ಟವನಲ್ಲ. ಮೂವತ್ತು ವರ್ಷದ, ಸದಾ ಅವಸರದ ಮನುಷ್ಯ. ಆ ಎಂಟು ಕಂಪ್ಯೂಟರಿಗೆ ಅಪ್ಪನ ಮಾವಿನ ತೋಪಿನಲ್ಲಿ ತನ್ನ ಪಾಲನ್ನೇ ಮಾರಿದ್ದ.

ಸುನಂದಳ ಪಕ್ಕದ ಕುರ್ಚಿಯಲ್ಲಿ ಮೇಧಾ ಕೂರುತ್ತಿದ್ದಳು. ಮುಳಬಾಗಿಲಿನ ಪುರೋಹಿತರ ಮನೆಯ ಹುಡುಗಿ, ಬಿ.ಕಾಂ. ಮುಗಿಸಿದವಳು. ಆಟದಲ್ಲಿ ಅವಳದ್ದು ಔಷಧಿ ಕಾಯಿಸುವ ಮುದುಕಿ. ಪರದೆಯ ಮೇಲೆ ಬರುವ ಇಂಗ್ಲಿಷನ್ನು ಓದಿ ಹೇಳುವವಳೂ ಅವಳೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಸುನಂದಳಿಗೆ ಅಂಕಿಗಳು ಗೊತ್ತಿದ್ದವು, ಇಂಗ್ಲಿಷ್ ಅಕ್ಷರಗಳಲ್ಲಿ ತನ್ನ ಹೆಸರಿನಷ್ಟು ಗೊತ್ತಿದ್ದವು, ಅದರಾಚೆ ಇಲ್ಲ.

ಆ ದಿನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಸುನಂದ ಪರದೆಯನ್ನೇ ನೋಡುತ್ತಾ ಕೂತಿದ್ದಳು. ದೈತ್ಯ ಮಗ್ಗದ ಮುಂದೆ ಬಂಡೆಯ ಹಾಗೆ ನಿಂತಿದ್ದ. ಅಂಗೈ ಒಂದೊಂದೂ ಮೊರದಗಲ.

"ಮೇಧಮ್ಮ, ಇವನ ಬಗ್ಗೆ ಮೂರು ಅಂಕಿ ಬರ್ದಿದೆಯಲ್ಲ ಮೂಲೇಲಿ, ಅವೇನು?"

"ಬಲ ತೊಂಬತ್ತೈದು, ಕೈಚಳಕ ಹದಿನೈದು, ಬುದ್ಧಿ ಹತ್ತು."

"ಕೈಚಳಕ ಹದಿನೈದೇನಾ?" ಒಂದು ತುತ್ತು ತಿಂದು ಮತ್ತೆ ಕೇಳಿದಳು, "ನಮ್ಮ ಗಂಗುಲಪ್ಪ ಮೂಟೆ ಎತ್ತೋದ್ರಲ್ಲಿ ರಾಕ್ಷಸ. ಗೂಡಿನ ಎಳೆ ಮಾತ್ರ ಅವ್ನ ಬೆರಳಿಗೆ ಸಿಗಲ್ಲ. ಸಿಕ್ಕಿದ್ರೂ ಕಡೀತಾನೆ, ಹತ್ತು ವರ್ಷ ಆದ್ರೂ ಕಲೀಲಿಲ್ಲ. ಇವ್ನೂ ಹಂಗೇ ಇರ್ಬೋದಾ?"

ಮೇಧಾ ಊಟ ಬಿಟ್ಟು ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಆ ಆಟ ಆಡುವವರು ಬರೆದುಕೊಳ್ಳುವ ಜಾಗದಲ್ಲಿ ಇದೇ ಜಗಳ ನಡೆದಿತ್ತು. ವಿದ್ಯೆ ಏರುವುದು ಬುದ್ಧಿಯಿಂದ ಎಂದು ಕೆಲವರು, ಬರೀ ಅದೃಷ್ಟ ಎಂದು ಹಲವರು, ಆಯಾ ಕಸುಬಿಗೆ ತಕ್ಕ ಗುಣದಿಂದ ಎಂದು ಒಂದಿಬ್ಬರು. ಲೆಕ್ಕ ಹಾಕಿ ನೋಡಿದವರು ಯಾರೂ ಇರಲಿಲ್ಲ.

"ಕೈಚಳಕ ಏರಿಸ್ಬೋದು ಅಕ್ಕ, ಆದ್ರೆ ಅಷ್ಟೇ ಬಲ ಇಳಿಯುತ್ತೆ. ಬಲ ಕಮ್ಮಿ ಆದ್ರೆ ಗಿರಾಕಿ ಒಪ್ಪಲ್ಲ." ಹೇಳಿ, ತನ್ನ ಪರದೆಯ ಕಡೆ ತಿರುಗಿದಳು. "ನನ್ನ ಮುದುಕಿ ಒಂದು ಕಷಾಯ ಕಾಯಿಸ್ತಾಳೆ. ಕುಡಿದ್ರೆ ಕೈಚಳಕ ಐವತ್ತು ಜಾಸ್ತಿ ಆಗುತ್ತೆ, ಎರಡೇ ನಿಮಿಷ. ಆಮೇಲೆ ಬಲಾನೂ ಹಂಗೇ ಇರುತ್ತೆ, ಏನೂ ಕೆಡಲ್ಲ."

ಸುನಂದ ಮರುದಿನ ಮನೆಯಿಂದ ಒಂದು ಹಿಡಿ ಹುಣಸೆಬೀಜ ತಂದಳು. ಕಷಾಯವಿಲ್ಲದೆ ಸಾವಿರ ತುಂಡು ನೇಯ್ದಳು. ಅಂಕಿ ಏರಿದಾಗಲೆಲ್ಲ ಒಂದು ಬೀಜ ಡಬ್ಬಿಯ ಮುಚ್ಚಳಕ್ಕೆ. ಐದು ಬೀಜ ಬಿದ್ದವು. ಆಮೇಲೆ ಕಷಾಯ ಕುಡಿಸಿ ಸಾವಿರ ನೇಯ್ದಳು. ಬೀಜ ಎಣಿಸಿದ್ದು ಮೇಧಾ. ನಲವತ್ತೊಂದು.

ನಂಬಿಕೆಯಾಗದೆ ಇನ್ನೊಂದು ಸಾವಿರ ನೇಯ್ದು ನೋಡಿದರು. ಮೂವತ್ತೊಂಬತ್ತು.

ಸುನಂದ ಸೆರಗಿನಿಂದ ಮುಖ ಒರೆಸಿಕೊಂಡು, ಕ್ಯಾಲೆಂಡರಿನ ಮುಂದೆ ಹೋಗಿ ನಿಂತು, ದಿನಕ್ಕೆ ಎರಡರಂತೆ ಬೆರಳಿಟ್ಟು ಎಣಿಸಿದಳು. ಹಬ್ಬ ಕಳೆದು ಮಾರನೇ ದಿನದಿಂದ ಹಿಡಿದರೆ, ಭಾನುವಾರವೂ ಬಂದರೆ, ಗಡುವಿಗೆ ಎರಡು ದಿನ ಮೊದಲೇ ನೂರು.

ಆದರೆ ಕಷಾಯ ಎರಡೇ ನಿಮಿಷ. ಒಂದು ತುಂಡಿಗೆ ಐದು ಸೆಕೆಂಡು. ಎಲ್ಲೂ ತಡವರಿಸದೆ ನೇಯ್ದರೆ ಒಂದು ಕಷಾಯಕ್ಕೆ ಇಪ್ಪತ್ನಾಲ್ಕು ತುಂಡು. ಬೆರಳು ಚೂರು ಹಿಂದೆ ಬಿದ್ದರೆ ಇಪ್ಪತ್ತಮೂರು. ಮೇಧಾಳ ಮುದುಕಿ ಕಾಯಿಸುವ ಕಷಾಯವೂ ಲೆಕ್ಕದ್ದೇ, ಪೋಲು ಮಾಡುವ ಹಾಗಿಲ್ಲ. ಸುನಂದಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಳೆ ಕಡಿಯುವ ಮೊದಲೇ ಇನ್ನೊಂದು ಎಳೆ ಕೂಡಿಸಿದ ಕೈ ಅದು. ಒಂದೇ ದಿನದಲ್ಲಿ ಬೆರಳಿಗೆ ಗತಿ ಸಿಕ್ಕಿತು. ಇಪ್ಪತ್ನಾಲ್ಕು ತುಂಡು, ಕಷಾಯ, ಇಪ್ಪತ್ನಾಲ್ಕು ತುಂಡು, ಕಷಾಯ. ಮಾತಾಡಿಸಿದರೂ ತಪ್ಪುತ್ತಿರಲಿಲ್ಲ, ಕರೆಂಟು ಹೋಗಿ ಯುಪಿಎಸ್ ಕೂಗಿದರೂ ತಪ್ಪುತ್ತಿರಲಿಲ್ಲ. ಪಕ್ಕದ ಹುಡುಗರು ಕೆಲಸ ಬಿಟ್ಟು ಬಂದು ನೋಡುತ್ತಿದ್ದರು.

ಎಪ್ಪತ್ತೈದು, ಎಂಬತ್ತು, ಎಂಬತ್ತಾರು.

ಮನೆಯಲ್ಲಿ ತಾಯಿಯ ಕೆಮ್ಮು ಜೋರಾಗುತ್ತಿತ್ತು. ಸಂಜೆ ಬಸ್ಸಿಳಿದು ಬಂದರೆ ವೆಂಕಟರತ್ನಮ್ಮ ಜಗಲಿಯ ಮೇಲೆ ಎರಡೂ ಕೈಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಳು. ಬೆರಳ ತುದಿಯ ಚರ್ಮ ಬಿಳಿಚಿ ಸುಲಿದಿತ್ತು.

"ಇವತ್ತೆಷ್ಟಾಯ್ತಮ್ಮಾ ನಿನ್ನ ರಾಕ್ಷಸಂದು?"

"ಎಂಬತ್ತೆಂಟು."

"ಇನ್ನೆಷ್ಟು ದಿನ?"

"ಆರೇ ದಿನ. ನಾಳೆಯಿಂದ ಹೋಗ್ಬೇಡ ಬಿಡಮ್ಮ. ಮನೇಲಿರು."

"ಚಾಲು ಲೇ ತಲ್ಲಿ, ಸಾಕು ಬಿಡು, ಆರು ದಿನಕ್ಕೆ ನಾನೇನು ಸಾಯಲ್ಲ," ಎಂದು ತಾಯಿ ತೆಲುಗು ಬೆರೆಸಿ ಗದರಿಸಿದಳು. "ನಿನ್ನ ಖಾಯಂ ಕಾಗ್ದ ಕೈಗೆ ಬರ್ಲಿ. ಆಮೇಲೆ ನೋಡೋಣ."

ಶುಕ್ರವಾರ ಮೇಧಾ ಬರಲಿಲ್ಲ. ಮನೆಯಲ್ಲಿ ತಾತನ ತಿಥಿ. ಹಿಂದಿನ ದಿನವೇ ಸಾಕಷ್ಟು ಕಷಾಯ ಕಾಯಿಸಿಟ್ಟು ಹೋಗಿದ್ದಳು. ಕದಿರೇಶ ಬೆಂಗಳೂರಿಗೆ ಹೋಗಿದ್ದ. ದೈತ್ಯ ತೊಂಬತ್ತೊಂದು ದಾಟಿದ್ದ.

ಹನ್ನೊಂದು ಗಂಟೆಯ ಸುಮಾರಿಗೆ ಮಗ್ಗದ ಪಕ್ಕದಲ್ಲಿ ಬಿಳಿ ನಿಲುವಂಗಿಯ ಆಳೊಂದು ಬಂದು ನಿಂತಿತು. ಅದರ ತಲೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೂಡಿದವು. ಹೀಗೆ ಯಾರ್ಯಾರೋ ಬಂದು ಮಾತಾಡಿಸುವುದಿತ್ತು. ಉತ್ತರ ಕೊಡಬೇಡಿ, ಸುಮ್ಮನೆ ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಕದಿರೇಶ ಮೊದಲ ದಿನವೇ ಹೇಳಿದ್ದ. ಸುನಂದ ತನ್ನ ಪಾಡಿಗೆ ನೇಯ್ದಳು. ಬಿಳಿ ಆಳು ಮತ್ತೆ ಏನೋ ಹೇಳಿತು. ಮೂರನೇ ಸಲವೂ ಹೇಳಿತು. ಕೇಳೋಣವೆಂದರೆ ಆ ಹೊತ್ತಿಗೆ ಹುಡುಗರೆಲ್ಲ ಟೀಗೆ ಕೆಳಗೆ ಹೋಗಿದ್ದರು. ಕಷಾಯ ಮುಗಿಯಲು ಇನ್ನೂ ಒಂದು ನಿಮಿಷವಿತ್ತು. ಇದೊಂದು ಮುಗಿಸಿ ಎದ್ದು ಕೇಳಿಬರೋಣ ಎಂದುಕೊಂಡಳು.

ಮಗ್ಗ ಮಾಯವಾಯಿತು. ದೈತ್ಯ ಕಿಟಕಿಯಿಲ್ಲದ ಒಂದು ಬರೀ ಕೋಣೆಯಲ್ಲಿ ನಿಂತಿದ್ದ. ಬಿಳಿ ಆಳು ಎದುರಿಗಿತ್ತು. ಸುನಂದಳ ಬೆರಳು ಇನ್ನೂ ಅದೇ ಗತಿಯಲ್ಲಿ ಒತ್ತುತ್ತಲೇ ಇತ್ತು. ನಿಲ್ಲಿಸಬೇಕೆಂದು ತಲೆಗೆ ಹೊಳೆಯುವಷ್ಟರಲ್ಲಿ ಪರದೆ ಕಪ್ಪಾಯಿತು.

ಶನಿವಾರ ಮೇಧಾ ಪತ್ರ ಓದಿ ಹೇಳಿದಳು. ಆಟ ನಡೆಸುವ ಕಂಪನಿಯ ಮೇಲ್ವಿಚಾರಕ ಬರೆದದ್ದು. ಈ ಖಾತೆಯಲ್ಲಿ ಹತ್ತು ದಿನದಿಂದ ಮನುಷ್ಯರ ಬದಲು ಪ್ರೋಗ್ರಾಮ್ ಕೆಲಸ ಮಾಡುತ್ತಿದೆ. ಒಂದು ಒತ್ತಿಗೂ ಇನ್ನೊಂದು ಒತ್ತಿಗೂ ನಡುವಿನ ಅಂತರ ಎಲ್ಲೂ ಬದಲಾಗಿಲ್ಲ. ಯಾವ ಮನುಷ್ಯನ ಕೈಯೂ ಹೀಗಿರಲು ಸಾಧ್ಯವಿಲ್ಲ. ಪರೀಕ್ಷಿಸಲೆಂದು ಬಂದು ಮೂರು ಸಲ ಮಾತಾಡಿಸಿದೆವು. ಉತ್ತರ ಬರಲಿಲ್ಲ. ಆದ್ದರಿಂದ ಖಾತೆ ಮುಚ್ಚಲಾಗಿದೆ.

"ಏನಂತ ಕೇಳಿದ್ನಂತೆ?" ಸುನಂದ ಕೇಳಿದಳು.

ಮೇಧಾ ಪತ್ರ ನೋಡಿ ಹೇಳಿದಳು. "ಅಲ್ಲಿ ಯಾರಾದ್ರೂ ಇದ್ರೆ ಏಳು ಅನ್ನೋ ಅಂಕಿ ಒತ್ತಿ ಅಂತ."

ಅಂಕಿ ಅವಳಿಗೆ ಬರುತ್ತಿತ್ತು. ಒಂದು ಬೆರಳು ಒತ್ತುವ ಮಾತು. ಸುನಂದ ಗೋಡೆಗೆ ಒರಗಿ ನಿಂತಳು. ಶೆಡ್ಡಿನ ಆವಿಯೇ ಇಲ್ಲದ ಜಾಗದಲ್ಲಿ ಅವಳಿಗೆ ಉಸಿರು ಕಟ್ಟಿತು. ಮೇಧಾ ನೀರು ತಂದಳು.

ಕದಿರೇಶ ಕೂಗಾಡಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತ. "ಗಿರಾಕಿ ಆಳೇ ಹೋಯ್ತಲ್ಲ ಅಕ್ಕ. ನೂರು ಹಾಳಾಗ್ಲಿ, ಇದ್ದಿದ್ದೂ ಹೋಯ್ತು. ಮುಂದೆ ಆ ಏಜೆಂಟ್ ನನಗೆ ಒಂದು ಕೆಲ್ಸ ಕೊಡ್ತಾನಾ?"

ಆಗ ಮೇಧಾ ಕಂಪನಿಗೆ ಪತ್ರ ಬರೆದಳು. ಇದು ಯಂತ್ರವಲ್ಲ, ಒಬ್ಬ ಹೆಂಗಸು; ಅವರಿಗೆ ಇಂಗ್ಲಿಷ್ ಬರುವುದಿಲ್ಲ; ಹದಿನಾರು ವರ್ಷ ರೇಷ್ಮೆ ಬಿಚ್ಚಿದ ಕೈ; ಬಂದು ನೋಡಿ. ಭಾನುವಾರ ಉತ್ತರ ಬಂತು. ಮಂಗಳವಾರ ನಮ್ಮ ದೇಶದ ವೇಳೆ ಮೂರು ಗಂಟೆಗೆ ಖಾತೆಯನ್ನು ಸ್ವಲ್ಪ ಹೊತ್ತು ತೆರೆಯುತ್ತಾರೆ. ಮೇಲ್ವಿಚಾರಕ ಎದುರಿಗೆ ನಿಂತು ನೇಯುವುದನ್ನು ನೋಡುತ್ತಾನೆ.

"ಒಂದು ಮಾತು ಹೇಳ್ತೀನಿ ಅಕ್ಕ," ಎಂದ ಕದಿರೇಶ. "ಆವತ್ತಿನ ಹಾಗೆ ನೇಯ್ದ್ರೆ ಮತ್ತೆ ಮಿಷನ್ ಅಂತಾನೆ. ಮನುಷ್ಯರು ಅಂದ್ಮೇಲೆ ತಪ್ಪು ಮಾಡ್ತಾರೆ. ನೀವು ತಪ್ಪು ಮಾಡಿ. ಒಂದ್ಸಲ ಬೇಗ, ಒಂದ್ಸಲ ನಿಧಾನ. ಮಧ್ಯೆ ಮರೆತವ್ರ ತರ ನಿಲ್ಲಿಸಿ."

"ಬೇಕಂತಾನೇ?"

"ಬೇಕಂತಾನೇ."

ಸೋಮವಾರ ಇಡೀ ದಿನ ಬೇರೊಂದು ಆಳಿನ ಮೇಲೆ ತಪ್ಪುವ ಅಭ್ಯಾಸ ನಡೆಯಿತು. ಅದಕ್ಕಿಂತ ಕಷ್ಟದ ಕೆಲಸವನ್ನು ಸುನಂದ ಮಾಡಿರಲಿಲ್ಲ. ಕೈಯನ್ನು ಹಿಡಿದು ನಿಲ್ಲಿಸಿದರೆ ಎದೆ ಮುಂದಿನ ಏಟು ಹಾಕುತ್ತಿತ್ತು. ಬೇಗ ಒತ್ತು ಎಂದರೆ ಬೇಗದಲ್ಲೂ ಒಂದು ಗತಿ ಬಂದುಬಿಡುತ್ತಿತ್ತು. ಕೊನೆಗೆ ಮೇಧಾ ಕಣ್ಣು ಮುಚ್ಚಿ ಹೇಳಿದ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು, ಮೂರು ಎಣಿಸಿ ಒಂದು, ಏಳು ಎಣಿಸಿ ಒಂದು, ಎರಡು ಎಣಿಸಿ ಒಂದು ಎಂದು ಬಾಯಿಪಾಠ ಮಾಡಿದಳು. ತಪ್ಪನ್ನೂ ತಪ್ಪಿಲ್ಲದೆ ಕಲಿಯಬೇಕಾಯಿತು.

ಮಂಗಳವಾರ ಮೂರು ಗಂಟೆಗೆ ದೈತ್ಯ ಮಗ್ಗದ ಮುಂದೆ ನಿಂತ. ಬಿಳಿ ಆಳು ಬಂತು. ಮೇಧಾ ಓದಿ ಹೇಳುತ್ತಾ, ಉತ್ತರ ಒತ್ತುತ್ತಾ ಪಕ್ಕದಲ್ಲಿ ಕೂತಳು. ಶುರು ಮಾಡಿ ಎಂದಿತು ಬಿಳಿ ಆಳು.

ಸುನಂದ ಬಾಯಿಪಾಠದ ಪ್ರಕಾರ ನೇಯ್ದಳು. ಮೂರು, ಏಳು, ಎರಡು. ಎರಡು ಸಲ ಮರೆತವಳಂತೆ ನಿಂತಳು. ಕಷಾಯ ಅರ್ಧಕ್ಕೆ ವ್ಯರ್ಥವಾಗಿ ಇಳಿದುಹೋಯಿತು. ಎಲ್ಲರೆದುರು ಉಟ್ಟ ಸೀರೆ ಹರಿದಷ್ಟು ನಾಚಿಕೆಯಾಯಿತು ಅವಳಿಗೆ. ಕದಿರೇಶ ಹಿಂದಿನಿಂದ ಮೆಲ್ಲಗೆ, "ಚೆನ್ನಾಗಿದೆ, ಚೆನ್ನಾಗಿದೆ," ಎನ್ನುತ್ತಿದ್ದ.

ಬಿಳಿ ಆಳಿನ ತಲೆಯ ಮೇಲೆ ಅಕ್ಷರ ಮೂಡಿದವು. ಮೇಧಾ ಓದಿ ಅವಳ ಕಡೆ ತಿರುಗಿದಳು.

"ಏನಂತೆ?"

"ಇದು ಆ ಕೈ ಅಲ್ಲ ಅಂತಿದ್ದಾನೆ ಅಕ್ಕ. ನಮ್ಮ ದಾಖಲೇಲಿರೋ ಕೆಲ್ಸಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ಆವತ್ತು ಮಿಷನ್ ಇಟ್ಟು, ಇವತ್ತು ಯಾರನ್ನೋ ಕೂರಿಸಿದ್ದೀರಿ ಅಂತ. ಖಾತೆ ಮುಚ್ತೀನಿ ಅಂತಿದ್ದಾನೆ."

ಕದಿರೇಶ ಕುಸಿದು ಕೂತ. ಸುನಂದ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಎರಡು ನಿಮಿಷ ಇರು ಅಂತ ಹೇಳಿ ಮೇಧಮ್ಮ. ಕಾಲಿಗೆ ಬೀಳ್ತೀನಿ ಅಂತ ಹೇಳಿ. ಎರಡೇ ನಿಮಿಷ."

ಮೇಧಾ ಏನು ಬರೆದಳೋ, ಬಿಳಿ ಆಳು ಹೋಗಲಿಲ್ಲ. ಸುನಂದ ದೈತ್ಯನಿಗೆ ಕಷಾಯ ಕುಡಿಸಿದಳು. ಬೆನ್ನು ನೆಟ್ಟಗೆ ಮಾಡಿದಳು. ಬಾಯಿಪಾಠವನ್ನು ಬಿಟ್ಟುಕೊಟ್ಟು ಕೈಯನ್ನು ಅದರ ದಾರಿಗೆ ಬಿಟ್ಟಳು. ಕೋಣೆಯಲ್ಲಿ ಆ ಒಂದೇ ಸದ್ದು. ಇಪ್ಪತ್ನಾಲ್ಕು ತುಂಡು, ಕಷಾಯ, ಮತ್ತೆ ಶುರು. ಒಂಬತ್ತನೇ ತುಂಡಿಗೆ ಮೇಧಾ ಹೇಳಿದಳು, "ನಿಲ್ಲಿಸಿ ಅಂತಿದ್ದಾನೆ." ಕೈ ನಿಂತಿತು. "ಮತ್ತೆ ಶುರು ಮಾಡ್ಬೇಕಂತೆ." ಶುರುವಾಯಿತು. "ನಿಲ್ಲಿಸಿ." ನಿಂತಿತು.

"ಈಗ ಏಳು ಒತ್ತಿ ಅಂತಿದ್ದಾನೆ ಅಕ್ಕ."

ಸುನಂದ ಏಳು ಒತ್ತಿದಳು. ಅಷ್ಟಕ್ಕೇ ಬಿಡಲಿಲ್ಲ. ಮತ್ತೊಂದು ಏಳು, ಮತ್ತೊಂದು ಏಳು. ಶುಕ್ರವಾರ ಮೂರು ಸಲ ಕೇಳಿದಾಗ ಕೊಡದಿದ್ದ ಉತ್ತರವನ್ನೆಲ್ಲ ಇವತ್ತೇ ಕೊಟ್ಟು ಮುಗಿಸುವವಳ ಹಾಗೆ ಒತ್ತುತ್ತಲೇ ಹೋದಳು. ಸಾಲು ತುಂಬಿ ಇನ್ನೊಂದು ಸಾಲು ಹಿಡಿಯಿತು. ಕಣ್ಣೀರು ಗಲ್ಲದ ಮೇಲಿಳಿದು ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ಅವಳ ಬೆರಳಿಗೆ ಗತಿ ಇರಲಿಲ್ಲ. ಮೇಧಾ ಅವಳ ಕೈ ಹಿಡಿದುಕೊಂಡಳು.

"ಸಾಕಂತೆ ಅಕ್ಕ. ಸಾಕು. ನಂಬ್ತೀನಿ ಅಂತ ಬರ್ದಿದ್ದಾನೆ."

ಅರ್ಧ ಗಂಟೆಗೆ ಪತ್ರ ಬಂತು. ಖಾತೆ ತೆರೆದಿದ್ದರು. ಆದರೆ ಒಮ್ಮೆ ಅನುಮಾನ ಬಿದ್ದ ದಿನಗಳಲ್ಲಿ ಏರಿದ ಅಂಕಿಯನ್ನು ಅಳಿಸಲಾಗಿದೆ, ಅದನ್ನು ಹಿಂದಿರುಗಿಸುವ ಪದ್ಧತಿ ತಮ್ಮಲ್ಲಿ ಇಲ್ಲ ಎಂದು ಬರೆದಿದ್ದರು. ದೈತ್ಯನ ನೇಯ್ಗೆ ಎಪ್ಪತ್ತೊಂದು. ಗಡುವಿಗೆ ಉಳಿದದ್ದು ಮೂರು ದಿನ.

"ನಿಮ್ಮ ತಪ್ಪೇನಿಲ್ಲ ಅಕ್ಕ," ಎಂದ ಕದಿರೇಶ. "ಗಿರಾಕೀನ ಇನ್ನು ಹದಿನೈದು ದಿನ ಕೇಳಿ ನೋಡ್ತೀನಿ. ಶುಕ್ರವಾರ ಬನ್ನಿ."

ಹದಿನೈದು ದಿನ ಸಿಕ್ಕರೆ ಸಾಕು, ಮತ್ತೆ ನೂರು ಮುಟ್ಟಿಸಬಹುದು. ಮನೆಯಲ್ಲಿ ಸುನಂದ ತಾಯಿಗೆ ಅಂಕಿ ಇಳಿದದ್ದನ್ನು ಹೇಳಲಿಲ್ಲ. ಎರಡು ದಿನ ರಜ ಎಂದಳು. ಬೆಳಿಗ್ಗೆ ತಾಯಿ ಶೆಡ್ಡಿಗೆ ಹೊರಟಾಗ ಬೀದಿಯ ತಿರುವಿನವರೆಗೂ ಜೊತೆಗೆ ಹೋಗಿ ನಿಂತಳು. ಅಲ್ಲಿಂದ ಮುಂದಕ್ಕೆ ಆವಿಯ ವಾಸನೆ ಬರುತ್ತಿತ್ತು.

ಶುಕ್ರವಾರ ಮಹಡಿ ಹತ್ತಿ ಹೋದರೆ ಅವಳ ಕುರ್ಚಿ ಖಾಲಿಯಿತ್ತು. ಪರದೆಯ ಮೇಲೆ ದೈತ್ಯ ನೇಯುತ್ತಿದ್ದ. ಕೀಬೋರ್ಡಿನ ಮೇಲೆ ಯಾರ ಕೈಯೂ ಇರಲಿಲ್ಲ.

ಅವಳು ನಿಂತು ನೋಡಿದಳು. ಕಷಾಯ ಕುಡಿದ. ನೇಯ್ದ. ಮಧ್ಯೆ ಒಮ್ಮೆ ತಡವರಿಸಿದ. ಮತ್ತೆ ನೇಯ್ದ. ಮೂಲೆಯಲ್ಲಿದ್ದ ಅಂಕಿ ಎಪ್ಪತ್ತಾರು.

ಕದಿರೇಶ ಎದ್ದು ಬಂದ. ಅವಳ ಮುಖ ನೋಡದೆ ಹೇಳಿದ, "ಹದಿನೈದು ದಿನ ಕೊಟ್ಟಿದ್ದಾನೆ ಅಕ್ಕ. ಬೆಂಗಳೂರಿಂದ ಒಬ್ರು ಬಂದು ಪ್ರೋಗ್ರಾಮ್ ಹಾಕಿಕೊಟ್ರು. ನಿಮ್ಮ ಲೆಕ್ಕಾನೇ ಹಾಕಿದ್ದು, ಇಪ್ಪತ್ನಾಲ್ಕಕ್ಕೆ ಒಂದು ಕಷಾಯ. ಮಧ್ಯೆ ಮಧ್ಯೆ ತಪ್ಪು ಮಾಡೋ ಹಾಗೆ ಇಟ್ಟಿದ್ದಾರೆ. ಇದು ಊಟಕ್ಕೆ ಏಳಲ್ಲ, ಬಸ್ಸಿಗೆ ಓಡಲ್ಲ. ನಾನೇನ್ ಮಾಡ್ಲಿ ಹೇಳಿ."

ಮೇಧಾ ತಲೆ ತಗ್ಗಿಸಿ ಕೂತಿದ್ದಳು. ಹುಡುಗರು ತಮ್ಮ ತಮ್ಮ ಪರದೆ ನೋಡುತ್ತಿದ್ದರು. ಇಳಿದು ಹೋದರೆ ಹನ್ನೊಂದರ ಬಸ್ಸು. ಊರು. ತಿರುವು. ಆಮೇಲೆ ತಾಯಿಗೆ ಏನು ಹೇಳುವುದು?

ಕುರ್ಚಿಯ ಬೆನ್ನು ಹಿಡಿದುಕೊಂಡು ಅವಳು ಪರದೆಯನ್ನೇ ನೋಡುತ್ತಿದ್ದಳು. ಹತ್ತು ನಿಮಿಷ ನೋಡಿರಬೇಕು.

"ಸಾರ್, ಇದು ಸಿಕ್ಕಿಬೀಳುತ್ತೆ," ಎಂದಳು.

"ಏನಂದ್ರಿ?"

"ಇದು ತಪ್ಪೋ ರೀತಿ ಸರಿಯಿಲ್ಲ. ಮನುಷ್ಯರು ಹಿಂಗೆ ಎಲ್ಲೆಂದ್ರಲ್ಲಿ ತಪ್ಪಲ್ಲ. ಒಂದ್ಸಲ ತಪ್ಪಿದ್ಮೇಲೆ ಹೆದರ್ಕೊಂಡು ಮುಂದಿನ ನಾಕೈದು ಬೇಗ ಬೇಗ ಹಾಕ್ತಾರೆ. ಇದು ಹೆದರ್ತಾನೇ ಇಲ್ಲ. ಬೆಳಿಗ್ಗೆ ತಪ್ಪೋದು ಬೇರೆ ತರ, ಊಟ ಆದ್ಮೇಲೆ ತಪ್ಪೋದು ಬೇರೆ ತರ. ಶೆಡ್ಡಲ್ಲಿ ಇಪ್ಪತ್ತು ಜನದ ಕೈ ನೋಡಿದ್ದೀನಿ ನಾನು. ಯಾರ ನೂಲು ಎಲ್ಲಿ ಕಡೀತು ಅಂತ ಬೆನ್ನು ತಿರುಗಿಸ್ಕೊಂಡು ಕೂತ್ರೂ ಹೇಳ್ತಿದ್ದೆ." ಒಂದೇ ಉಸಿರಿಗೆ ಹೇಳಿ, ನಿಂತು, ದನಿ ಇಳಿಸಿದಳು. "ಆ ಬಿಳಿಯವ್ನು ಮತ್ತೆ ಬಂದ್ರೆ ಈ ಸಲ ಬಿಡಲ್ಲ ಸಾರ್. ನಾನು ಹೇಳ್ಕೊಡ್ತೀನಿ. ಎಲ್ಲಿ ತಪ್ಬೇಕು ಅಂತ ನಾನು ಹೇಳ್ಕೊಡ್ತೀನಿ. ನನ್ನ ಕಳಿಸ್ಬೇಡಿ."

ಕದಿರೇಶ ಪರದೆ ನೋಡಿದ, ಅವಳನ್ನು ನೋಡಿದ. ಖಾತೆ ಇನ್ನೊಮ್ಮೆ ಮುಚ್ಚಿದರೆ ಏನಾಗುತ್ತದೆಂದು ಅವನಿಗೂ ಗೊತ್ತಿತ್ತು.

"ತಿಂಗಳ ಕೊನೆವರೆಗೂ ಬನ್ನಿ," ಎಂದ.

"ಅದಾದ್ಮೇಲೆ?"

"ಅದಾದ್ಮೇಲಿಂದು ಈಗ ಹೇಳಕ್ಕಾಗಲ್ಲ ಅಕ್ಕ."

ಅವನು ಬೆಂಗಳೂರಿಗೆ ಫೋನ್ ಮಾಡಲು ಹೊರಗೆ ಹೋದ. ಸುನಂದ ಮೇಧಾಳ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡಳು. ಮೇಧಾ ಪುಸ್ತಕ ತೆಗೆದವಳು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಬೇಡ ಅಕ್ಕ. ಇದನ್ನೂ ಕಲಿಸಿಬಿಟ್ರೆ ನಿಮ್ಮ ಹತ್ರ ಇನ್ನೇನು ಉಳಿಯುತ್ತೆ?"

"ಇಪ್ಪತ್ತು ದಿನ ಉಳಿಯುತ್ತೆ. ಬರ್ಕೊಳ್ಳಿ ಮೇಧಮ್ಮ."

ಸುನಂದ ಕಣ್ಣು ಮುಚ್ಚಿ ಶೆಡ್ಡನ್ನು ನೆನೆದುಕೊಂಡಳು. ಭಾರತಮ್ಮ, ಬೈರಮ್ಮ, ಬಾಗಿಲ ಪಕ್ಕದ ಮುನಿಯಲ್ಲಪ್ಪನ ಸೊಸೆ, ಒಬ್ಬೊಬ್ಬರ ಕೈಯೂ ಎದುರಿಗೆ ಬಂತು. ಅವರೆಲ್ಲರನ್ನೂ ದಾಟಿ, ತಾನು ಬಿಟ್ಟುಬಂದ ಕೊನೆಯ ತೊಟ್ಟಿಯ ಮುಂದಿನ, ಅಲ್ಲಿ ಕಣ್ಣಾರೆ ನೋಡದಿದ್ದರೂ ಬಲ್ಲ ಸೊಟ್ಟ ಬೆರಳುಗಳಿಂದ ಶುರು ಮಾಡಿದಳು.

"ಮೂರು ಗಂಟೆ ದಾಟಿದ್ಮೇಲೆ ಎಡಗೈ ಸೋಲುತ್ತೆ. ಆರೇಳು ಸಲಕ್ಕೊಂದ್ಸಲ ತುದಿ ಹಿಡಿಯಕ್ಕಾಗಲ್ಲ. ಹಿಡಿಯಕ್ಕೆ ಹೋಗಿ ಬಿಡ್ತಾಳೆ. ಒಂದು ಕೆಮ್ಮು ಕೆಮ್ಮೋವಷ್ಟು ಹೊತ್ತು ಸುಮ್ನೆ ಇರ್ತಾಳೆ. ಆಮೇಲೆ ಯಾರಾದ್ರೂ ನೋಡಿದ್ರಾ ಅಂತ ಸುತ್ತ ನೋಡ್ತಾಳೆ, ಅದಕ್ಕೊಂದು ಎರಡು ಸೆಕೆಂಡು ಹಾಕಿ. ಆಮೇಲೆ ಮತ್ತೆ ಹಿಡೀತಾಳೆ."

ಮೇಧಾ ಬರೆದುಕೊಂಡಳು.